ಹೊಸೂರಿನಿಂದ ಮದನಪಲ್ಲಿಗೆ: ಸಭೆಗಳು ಕೂಡಿ ಕಟ್ಟಿದ ಆಸ್ಪತ್ರೆಗಳ ದಾರಿ

ಹೊಸೂರು, ಕುಪ್ಪಂ, ಪಲಮನೇರು ಕಡೆಯ ಕನ್ನಡದವರಿಗೂ ಕೋಲಾರ, ಮುಳಬಾಗಿಲಿನವರಿಗೂ ವೆಲ್ಲೂರು ಎಂದರೆ ಮೊದಲು ನೆನಪಾಗುವುದು ಕೋಟೆಯಲ್ಲ, ಆಸ್ಪತ್ರೆ. ಊರಿನ ಡಾಕ್ಟರು ಕೈಚೆಲ್ಲಿದರೆ ವೆಲ್ಲೂರು, ಎದೆ ಕಾಯಿಲೆಯಾದರೆ ಮದನಪಲ್ಲಿಯ ಆರೋಗ್ಯವರಂ ಎಂಬುದು ಅಜ್ಜಂದಿರ ಕಾಲದಿಂದ ಬಂದ ಮಾತು. ಇವನ್ನೆಲ್ಲ ಸಾರಾಸಗಟಾಗಿ 'ಮಿಷನ್ ಆಸ್ಪತ್ರೆ' ಎಂದು ಕರೆದು ಸುಮ್ಮನಾಗುತ್ತೇವೆ. ಆದರೆ ಇವು ಯಾವುದೋ ಒಂದು ಮಿಷನ್ನಿನ ಆಸ್ತಿಯಾಗಿ ಬೆಳೆದವಲ್ಲ. ಒಂದೇ ಪೀಠದಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳಲು ಒಪ್ಪದಿದ್ದ ಸಭೆಗಳು, ಅಂದರೆ ಬೇರೆ ಬೇರೆ ಕ್ರೈಸ್ತ ಪಂಗಡಗಳು, ಒಂದೇ ಮೇಜಿನ ಮೇಲೆ ಲೆಕ್ಕದ ಪುಸ್ತಕ ಬಿಚ್ಚಿ ಕಟ್ಟಿದವು. ಎಕ್ಯುಮೆನಿಕಲ್, ಅಂದರೆ ಸಭೆಗಳ ಕೂಡಿಕೆ, ಎಂಬ ಮಾತನ್ನು ಸಮ್ಮೇಳನದ ಬ್ಯಾನರಿನಲ್ಲಿ ಓದುವುದಕ್ಕಿಂತ ಈ ರಸ್ತೆಯಲ್ಲಿ ನೋಡುವುದು ಸುಲಭ.

ದಾರಿ ಹೀಗೆ: ಹೊಸೂರು, ಕೃಷ್ಣಗಿರಿ, ತಿರುಪತ್ತೂರು, ವೆಲ್ಲೂರು, ಚಿತ್ತೂರು, ಪಲಮನೇರು, ಪುಂಗನೂರು, ಮದನಪಲ್ಲಿ, ಅಲ್ಲಿಂದ ರಾಯಲ್ಪಾಡಿನ ಮೇಲೆ ಶ್ರೀನಿವಾಸಪುರ. ಶನಿವಾರ ಹೊರಟರೆ ಭಾನುವಾರ ವೆಲ್ಲೂರಿನ ಕ್ರೈಸ್ತ ದೇವಾಲಯಗಳು ಸಿಗುತ್ತವೆ, ಸೋಮವಾರದಿಂದ ಆಸ್ಪತ್ರೆಗಳ ಹೊರರೋಗಿ ವಿಭಾಗ ತೆರೆದಿರುತ್ತದೆ. ತಿರುವುಮುರುವು ಮಾಡಿಕೊಂಡರೆ ಎರಡೂ ತಪ್ಪುತ್ತವೆ. ವಾರ್ಡಿಗೆ ಹೋಗುವ, ಫೋಟೊ ತೆಗೆಯುವ ಉದ್ದೇಶವಿದ್ದರೆ ಮೊದಲೇ ಆಡಳಿತ ಕಚೇರಿಗೆ ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ಕುಷ್ಠ ಮತ್ತು ಕ್ಷಯದ ವಾರ್ಡುಗಳಲ್ಲಿ ರೋಗಿಯ ಮುಖ ತೆಗೆಯುವ ಮಾತೇ ಬೇಡ.

ಮೊದಲ ದಿನ, ಶನಿವಾರ: ಹೊಸೂರು, ಕೃಷ್ಣಗಿರಿ, ತಿರುಪತ್ತೂರು

ಹೊಸೂರು ಬಸ್ ನಿಲ್ದಾಣದಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಉಸಿರಿನಲ್ಲಿ ಕೇಳಿಸುತ್ತವೆ. ಕಂಡಕ್ಟರನೊಡನೆ ಕನ್ನಡದಲ್ಲೇ ಮಾತಾಡಿ ಕೃಷ್ಣಗಿರಿಗೆ ಟಿಕೆಟ್ ತೆಗೆಯಬಹುದು. ಹೆದ್ದಾರಿಯಲ್ಲಿ ಒಂದು ಗಂಟೆಯ ಹಾದಿ, ಸ್ವಲ್ಪ ಹೆಚ್ಚೇ ಹಿಡಿದೀತು.

ಕೃಷ್ಣಗಿರಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಆದರೂ ಒಂದು ವಿಷಯಕ್ಕಾಗಿ ನಿಲ್ಲಬೇಕು: ಕೂಡಿಕೆಯ ಕಥೆ ಕೇಳುವ ಮೊದಲು ಕೂಡದೆ ಉಳಿದವರ ಊರನ್ನು ನೋಡಿರಬೇಕು. ಅಮೆರಿಕದ ಮಿಸೌರಿ ಲುಥೆರನ್ನರ ಭಾರತದ ಕೆಲಸ ಶುರುವಾದದ್ದು 1895ರಲ್ಲಿ, ಇಲ್ಲೇ. ಅದನ್ನು ಶುರು ಮಾಡಿದ ಥಿಯೊಡೋರ್ ನೇದರ್ ಮತ್ತು ಫ್ರಾನ್ಸ್ ಮೋನ್ ಇಬ್ಬರೂ ಮೊದಲು ಜರ್ಮನಿಯ ಲೈಪ್ಸಿಗ್ ಮಿಷನ್ನಿನಲ್ಲಿದ್ದವರು. ಬೈಬಲ್ಲಿನ ಪ್ರಮಾಣದ ಬಗ್ಗೆ ತಕರಾರು ಎದ್ದು ಅಲ್ಲಿಂದ ಹೊರಬಿದ್ದವರು. ಹಾಗೆ ಮೊದಲಾದ ಕೆಲಸ ಆಂಬೂರಿಗೆ ಹಬ್ಬಿತು, 1958ರಲ್ಲಿ ಇಂಡಿಯಾ ಇವ್ಯಾಂಜೆಲಿಕಲ್ ಲುಥೆರನ್ ಚರ್ಚ್ ಎಂಬ ಸಭೆಯಾಯಿತು. ಸುತ್ತಲಿನ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು 1947ರಲ್ಲಿ ಒಂದಾದಾಗ ದಕ್ಷಿಣ ಭಾರತದ ಲುಥೆರನ್ನರು ಹೊರಗುಳಿದರು. ಕಾರಣ ಹಟವಷ್ಟೇ ಅಲ್ಲ. ಬಿಷಪ್ಪರ ಪರಂಪರೆಗೆ ಎಷ್ಟು ತೂಕ, ಕರ್ತನ ಭೋಜನದ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ರೊಟ್ಟಿಯಲ್ಲಿ ಕ್ರಿಸ್ತನ ಇರವನ್ನು ಹೇಗೆ ಹೇಳಬೇಕು ಎಂಬ ಎರಡು ಪ್ರಶ್ನೆಗಳು ಅಡ್ಡ ಬಂದವು. 1948ರಿಂದ 1959ರವರೆಗೆ ಎರಡೂ ಕಡೆಯ ದೈವಶಾಸ್ತ್ರಜ್ಞರು ಕೂತು ಮಾತಾಡಿದರು, ಬಹಳಷ್ಟು ಒಪ್ಪಿಗೆಯ ಹೇಳಿಕೆಗಳೂ ಬಂದವು, ಸಭೆಗಳು ಮಾತ್ರ ಬೇರೆಯಾಗಿಯೇ ಉಳಿದವು. ಕಾಗದದ ಮೇಲೆ ಒಪ್ಪುವುದಕ್ಕೂ ಆಸ್ತಿ, ಹುದ್ದೆ, ರೂಢಿಗಳನ್ನು ಒಟ್ಟುಗೂಡಿಸುವುದಕ್ಕೂ ನಡುವೆ ದೊಡ್ಡ ಕಂದಕ.

ಕೃಷ್ಣಗಿರಿಯಿಂದ ತಿರುಪತ್ತೂರಿಗೆ ಬಸ್ಸು ಸಾಕಷ್ಟಿವೆ. ರೈಲಿನಲ್ಲಿ ಬರುವವರು ಬಂಗಾರಪೇಟೆ, ಕುಪ್ಪಂ ದಾಟಿ ಜೋಲಾರಪೇಟೆಯಲ್ಲಿ ಇಳಿಯಬೇಕು. ಅಲ್ಲಿಂದ ತಿರುಪತ್ತೂರು ಹತ್ತಿರ.

ತಿರುಪತ್ತೂರಿನ ಕ್ರಿಸ್ತಕುಲ ಆಶ್ರಮ 1921ರದು. ಕಟ್ಟಿದವರು ಇಬ್ಬರು ಡಾಕ್ಟರು: ತಮಿಳರಾದ ಸವರಿರಾಯನ್ ಜೇಸುದಾಸನ್, ಸ್ಕಾಟ್ಲೆಂಡಿನ ಅರ್ನೆಸ್ಟ್ ಫಾರೆಸ್ಟರ್ ಪೇಟನ್. ಊರವರು ಅವರನ್ನು ಪೆರಿಯಣ್ಣನ್, ಚಿನ್ನಣ್ಣನ್ ಎಂದೇ ಕರೆದರು, ದೊಡ್ಡಣ್ಣ ಚಿಕ್ಕಣ್ಣ. ಪ್ರೊಟೆಸ್ಟೆಂಟರು ಕಟ್ಟಿದ ಆಶ್ರಮಗಳಲ್ಲಿ ಇದು ಮೊದಲ ಸಾಲಿನದು. ಖಾದಿ ಬಟ್ಟೆ, ಬ್ರಹ್ಮಚರ್ಯ, ಸಸ್ಯಾಹಾರ, ಔಷಧಾಲಯ ಇವು ಅಲ್ಲಿನ ನಡೆ. ಬಿಳಿಯ ಮಿಷನರಿ ಸಂಬಳ ಕೊಡುವವನು, ಭಾರತೀಯ ಅವನ ಕೈಕೆಳಗಿನವನು ಎಂಬ ಅಂದಿನ ಮಿಷನ್ ಏರ್ಪಾಟು ಇಬ್ಬರಿಗೂ ಸಹಿಸಲಾಗಲಿಲ್ಲ. ಅದಕ್ಕೇ ಸಂಬಳವೇ ಇಲ್ಲದ, ಮೇಲು ಕೀಳಿನ ಪಟ್ಟಿ ಇಲ್ಲದ ಮನೆ ಕಟ್ಟಿದರು. 1932ರಲ್ಲಿ ಮದ್ರಾಸಿನಲ್ಲಿ ವಿದೇಶಿ ಬಟ್ಟೆಯಂಗಡಿಯ ಮುಂದೆ ಪಿಕೆಟಿಂಗ್ ನಡೆಯುತ್ತಿದ್ದಾಗ ಖಾದಿ ತೊಟ್ಟು ಅಲ್ಲಿದ್ದ ಪೇಟನ್ ಅವರನ್ನೂ ಪೊಲೀಸರು ಹೊಡೆದರು. ಬಿಳಿಯನಿಗೇ ಬಿದ್ದ ಆ ಲಾಠಿಯೇಟು ಬ್ರಿಟನ್ನಿನವರೆಗೆ ಸುದ್ದಿಯಾಯಿತು.

ಆಶ್ರಮದ ಪ್ರಾರ್ಥನಾಲಯ ನೋಡಲೇಬೇಕಾದದ್ದು. ದ್ರಾವಿಡ ಶೈಲಿಯ ಗೋಪುರ, ಕಲ್ಲಿನ ಕಂಬಗಳ ಮಂಟಪ. ದೂರದಿಂದ ನೋಡಿದವರು ದೇವಸ್ಥಾನ ಎಂದೇ ತಿಳಿಯುತ್ತಾರೆ. ಈ ಶೈಲಿಯ ಬಗ್ಗೆ ಇವತ್ತು ಎರಡು ಕಡೆಯಿಂದಲೂ ಟೀಕೆ ಇದೆ. ಹಿಂದೂಗಳಲ್ಲಿ ಕೆಲವರಿಗೆ ಇದು ವೇಷ ಎನ್ನಿಸುತ್ತದೆ. ದಲಿತ ಕ್ರೈಸ್ತ ಚಿಂತಕರು, ನಮ್ಮವರನ್ನು ಒಳಗೇ ಬಿಡದಿದ್ದ ಕಟ್ಟಡದ ಮಾದರಿಯನ್ನು ನಾವೇಕೆ ಹೊರಬೇಕು ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆ ಹೆಚ್ಚು ಗಟ್ಟಿ. ನಾಲ್ಕನೆಯ ದಿನ ಅದು ಮತ್ತೆ ಎದುರಾಗುತ್ತದೆ.

ರಾತ್ರಿ ವೆಲ್ಲೂರು ಸೇರಬೇಕು. ದಾರಿಯಲ್ಲಿ ವಾಣಿಯಂಬಾಡಿ, ಆಂಬೂರು ಬರುತ್ತವೆ. ಬಿರಿಯಾನಿಯ ಬೋರ್ಡುಗಳ ಜೊತೆಗೆ ಚರ್ಮ ಹದ ಮಾಡುವ ಕಾರ್ಖಾನೆಗಳ ವಾಸನೆಯೂ ಬರುತ್ತದೆ. ಪಕ್ಕದ ಒಣ ಮರಳುಹಾಸು ಪಾಲಾರ್ ನದಿ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರ, ಕುಪ್ಪಂ ದಾಟಿ ಇಲ್ಲಿಗೆ ಬರುವ ಹೊಳೆ ಅದೇ. ಮಾಲಿನ್ಯ ಮಾಡಿದವರೇ ದಂಡ ತೆರಬೇಕು ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿ ದೇಶದ ಕಾನೂನಿನ ಭಾಗವೆಂದು ಹೇಳಿದ್ದು ಈ ಕಾರ್ಖಾನೆಗಳ ವಿರುದ್ಧ ವೆಲ್ಲೂರಿನ ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ.

ಎರಡನೆಯ ದಿನ, ಭಾನುವಾರ: ವೆಲ್ಲೂರು

ಆಸ್ಪತ್ರೆಯ ಎದುರಿನ ಗಾಂಧಿ ರಸ್ತೆ, ಬಾಬುರಾವ್ ಬೀದಿಗಳ ಲಾಡ್ಜುಗಳಲ್ಲಿ ಬಂಗಾಳಿ ಬೋರ್ಡುಗಳೇ ಹೆಚ್ಚು. ಅಷ್ಟು ದೂರದಿಂದ ರೋಗಿಗಳು ಬರುತ್ತಾರೆ. ವಾರಗಟ್ಟಲೆ ಇರುವವರಿಗೆ ಅಡಿಗೆ ಮಾಡಿಕೊಳ್ಳುವ ಅನುಕೂಲವಿರುವ ಕೋಣೆಗಳು ಸಿಗುತ್ತವೆ. ಗಡಿಯ ಈಚೆಯವರು ರಾಗಿ ಹಿಟ್ಟು ಕಟ್ಟಿಕೊಂಡೇ ಹೋಗುವುದು ಒಳ್ಳೆಯದು. ಚಿಕಿತ್ಸೆಗೇ ಬಂದವರಿಗೆ ಒಂದು ಮಾತು: ರೋಗಿಯೇ ಹಿಂದೆ ಬಂದಿದ್ದರೆ ಆ ಹಳೆಯ ಆಸ್ಪತ್ರೆ ನಂಬರನ್ನೇ ಹುಡುಕಿ ತನ್ನಿ. ಹೊಸ ನಂಬರು ಮಾಡಿಸಿದರೆ ಹಳೆಯ ಕಡತ, ಎಕ್ಸರೇ, ಬಯಾಪ್ಸಿ ವರದಿ ಎಲ್ಲ ಬೇರೆಯವರದೆಂಬಂತೆ ಆಗಿ, ಪರೀಕ್ಷೆಗಳನ್ನು ಮತ್ತೆ ಮಾಡಿಸುವ ಖರ್ಚು ಬೀಳುತ್ತದೆ.

ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕಥೆ 1900ರಲ್ಲಿ ಅಮೆರಿಕದ ವೈದ್ಯೆ ಐಡಾ ಸ್ಕಡರ್ ತೆರೆದ ಒಂದೇ ಹಾಸಿಗೆಯ ಔಷಧಾಲಯದಿಂದ ಶುರುವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. 1902ರಲ್ಲಿ 40 ಹಾಸಿಗೆಯ ಮೇರಿ ಟೇಬರ್ ಶೆಲ್ ಆಸ್ಪತ್ರೆ, 1909ರಲ್ಲಿ ಪ್ಯೂಜೊ ಕಾರಿನಲ್ಲಿ ಹಳ್ಳಿ ರಸ್ತೆಬದಿಯ ಚಿಕಿತ್ಸೆ, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಶಾಲೆ. ಇವೆಲ್ಲ ಫಲಕದ ಮೇಲಿರುವ ಸಂಗತಿಗಳು. ಕಡಿಮೆ ಹೇಳುವ, ಆದರೆ ನಮ್ಮ ವಿಷಯಕ್ಕೆ ಮುಖ್ಯವಾದ ಅಧ್ಯಾಯ 1937–38ರ ನಂತರದ್ದು. ಡಿಪ್ಲೊಮಾ ಕೊಡುವ ವೈದ್ಯಶಾಲೆಗಳು ಇನ್ನು ಬೇಡ, ಎಂ.ಬಿ.ಬಿ.ಎಸ್. ಮಟ್ಟಕ್ಕೆ ಏರಿ, ಇಲ್ಲದಿದ್ದರೆ ಮುಚ್ಚಿ ಎಂದಿತು ಮದ್ರಾಸ್ ಸರ್ಕಾರ. ಏರಬೇಕಾದರೆ ನೂರಾರು ಹಾಸಿಗೆ ಹೆಚ್ಚಬೇಕು, ಪ್ರತಿ ವಿಭಾಗಕ್ಕೂ ಉನ್ನತ ಪದವಿಯ ಅಧ್ಯಾಪಕರು ಬೇಕು, ಪ್ರಯೋಗಾಲಯ ಬೇಕು. ಒಂದು ಮಿಷನ್ನಿನ ಕೈಯಲ್ಲಿ ಆಗುವ ಮಾತಲ್ಲ. ಇತರ ಸಭೆಗಳ ದುಡ್ಡು, ಡಾಕ್ಟರು ಬರಲು ಸಿದ್ಧವಿದ್ದರೂ ಅವರ ಷರತ್ತು, ಗಂಡುಮಕ್ಕಳಿಗೂ ಪ್ರವೇಶ ಕೊಡಿ ಎಂಬುದು. ಅಮೆರಿಕದಲ್ಲಿ ಹಣ ಕೂಡಿಸಿಕೊಟ್ಟಿದ್ದ ಹೆಂಗಸರಿಗೆ ಇದು ನುಂಗಲಾರದ ತುತ್ತು. ಹೆಣ್ಣುಮಕ್ಕಳಿಗೆಂದು ಕೊಟ್ಟ ಹಣ ಹೀಗೆ ಹೋಗಬಾರದು ಎಂದು ವರ್ಷಗಟ್ಟಲೆ ಎಳೆದಾಟ ನಡೆಯಿತು. ಅವರ ಮಾತಿನಲ್ಲಿ ನ್ಯಾಯವಿತ್ತು. ಕಾಲೇಜು ಉಳಿಯುವ ದಾರಿ ಮಾತ್ರ ಇನ್ನೊಂದಾಗಿತ್ತು. 1942ರಲ್ಲಿ ಪದವಿ ತರಗತಿ ಶುರುವಾಯಿತು, 1947ರಲ್ಲಿ ಗಂಡುಮಕ್ಕಳು ಸೇರಿದರು.

ಈ ಕೂಡಿಕೆ ನಡೆಯುವ ರೀತಿ ಸರಳ. ಸದಸ್ಯ ಸಭೆಗಳು ಮತ್ತು ಕ್ರೈಸ್ತ ಸಂಸ್ಥೆಗಳು ಆಡಳಿತ ಮಂಡಳಿಗೆ ಪ್ರತಿನಿಧಿಗಳನ್ನು ಕಳಿಸುತ್ತವೆ. ಕಾಲೇಜಿನ ಪ್ರವೇಶಕ್ಕೆ ತಮ್ಮ ಅಭ್ಯರ್ಥಿಗಳನ್ನು ಪ್ರಾಯೋಜಿಸುತ್ತವೆ. ಹಾಗೆ ಓದಿದವರು ಮುಗಿಸಿದ ಮೇಲೆ ಎರಡು ವರ್ಷ ಸಭೆ ಹೇಳಿದ ಆಸ್ಪತ್ರೆಯಲ್ಲಿ ದುಡಿಯಬೇಕು. ಡಾಕ್ಟರೇ ಸಿಗದ ಹಳ್ಳಿಯ ಮಿಷನ್ ಆಸ್ಪತ್ರೆಗಳು ಇನ್ನೂ ಬಾಗಿಲು ಹಾಕದಿರುವುದಕ್ಕೆ ಈ ಎರಡು ವರ್ಷದ ಕರಾರು ದೊಡ್ಡ ಕಾರಣ. ಕರಾರು ಮುಗಿದ ಮೇಲೂ ಅಲ್ಲೇ ನಿಲ್ಲುವವರು ಕೆಲವರೇ. ಮಕ್ಕಳ ಶಾಲೆ, ಸಂಬಳ, ಒಬ್ಬರೇ ಎಲ್ಲ ಹೊತ್ತಿನ ಕರೆಗೂ ಓಡಬೇಕಾದ ದಣಿವು, ಈ ಮೂರರಲ್ಲಿ ಒಂದು ಅವರನ್ನು ಎಬ್ಬಿಸುತ್ತದೆ. ಇಂಥ ಆಸ್ಪತ್ರೆಗಳನ್ನು ಒಟ್ಟಿಗೆ ಹಿಡಿದಿರುವ ಕ್ರಿಶ್ಚಿಯನ್ ಮೆಡಿಕಲ್ ಅಸೋಸಿಯೇಷನ್ ಆಫ್ ಇಂಡಿಯಾ 1905ರಲ್ಲಿ ಮಿಷನರಿ ವೈದ್ಯರ ಸಂಘವಾಗಿ ಹುಟ್ಟಿದ್ದು.

ಭಾನುವಾರದ ಬೆಳಗನ್ನು ಸಿ.ಎಸ್.ಐ., ಅಂದರೆ 1947ರಲ್ಲಿ ಒಂದಾದ ಆ ಸಭೆಯ ದೇವಾಲಯಗಳಿಗೆ ಇಟ್ಟುಕೊಳ್ಳಿ. ತಮಿಳಿನ ಆರಾಧನೆ ಅರ್ಥವಾಗದಿದ್ದರೂ ಕಣ್ಣಿಗೆ ಕಾಣುವುದು ಸಾಕಷ್ಟಿದೆ. ದ್ವಾರದ ಮೇಲೆ ಕಮಲದೊಳಗಿನ ಶಿಲುಬೆ, 'ಎಲ್ಲರೂ ಒಂದಾಗಿರಲಿ' ಎಂಬ ಯೋಹಾನನ ಸುವಾರ್ತೆಯ ಮಾತು: ಇದು ಚರ್ಚ್ ಆಫ್ ಸೌತ್ ಇಂಡಿಯಾದ ಲಾಂಛನ. ಒಳಗೆ ಕರ್ತನ ಭೋಜನ ಕೊಡುವ ಬಗೆ ಗಮನಿಸಿ. ಹಳೆಯ ಆಂಗ್ಲಿಕನ್ ಸಭೆಯಾದರೆ ಜನ ಪೀಠದ ಕಟಕಟೆಗೆ ಬಂದು ಮೊಣಕಾಲೂರಿ ಒಂದೇ ಬಟ್ಟಲಿನಿಂದ ತೆಗೆದುಕೊಳ್ಳುವುದು ರೂಢಿ. ಕಾಂಗ್ರಿಗೇಷನಲ್ ಮೂಲದ ಸಭೆಯಾದರೆ ತಟ್ಟೆಯಲ್ಲಿ ಸಾಲಾಗಿಟ್ಟ ಪುಟ್ಟ ಲೋಟಗಳು. ಸಭೆ ಒಂದೇ ಆದರೂ ಕೈಯ ಅಭ್ಯಾಸಗಳು ಹಾಗೇ ಇವೆ. ಹಾಗೆ ಬಿಟ್ಟಿದ್ದೇ ಜಾಣತನ.

ಈ ಸಭೆ ಒಂದಾದ ಕಥೆ ಹಿಂದಿನದು. 1919ರ ಮೇ 1, 2ರಂದು ತರಂಗಂಬಾಡಿಯಲ್ಲಿ 33 ಪಾದ್ರಿಗಳು ಕೂಡಿದರು, ಆಂಗ್ಲಿಕನ್ ಬಿಷಪ್ ವಿ. ಎಸ್. ಅಜರಯ್ಯ ಮತ್ತು ವೇದನಾಯಕಂ ಸಂತಿಯಾಗೊ ಅವರ ಮುಂದಾಳುಗಳು. ಪಶ್ಚಿಮದಿಂದ ಬಂದ ಒಡಕುಗಳನ್ನು ನಾವು ಮಾಡಿಕೊಂಡದ್ದಲ್ಲ, ಉಳಿಸಿಕೊಳ್ಳುವ ಮನಸ್ಸೂ ಇಲ್ಲ ಎಂಬುದು ಅವರ ಹೇಳಿಕೆಯ ಸಾರ. ಅಲ್ಲಿಂದ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಸಿ.ಎಸ್.ಐ. ಹುಟ್ಟುವವರೆಗೆ 28 ವರ್ಷ. ಇಷ್ಟು ಎಳೆದದ್ದು ಒಂದು ಗಂಟಿನಿಂದ: ಬಿಷಪ್ಪರ ಕೈಯಿಂದ ಗುರುದೀಕ್ಷೆ ಪಡೆಯದ ಪಾದ್ರಿಗಳನ್ನು ಏನು ಮಾಡುವುದು? ಅವರಿಗೆ ಮತ್ತೆ ದೀಕ್ಷೆ ಕೊಟ್ಟರೆ ಇಷ್ಟು ದಿನ ಅವರು ಮಾಡಿಸಿದ್ದೆಲ್ಲ ಸುಳ್ಳೆಂದಾಗುತ್ತದೆ. ಕೊಡದಿದ್ದರೆ ಆಂಗ್ಲಿಕನ್ನರು ಒಪ್ಪುವುದಿಲ್ಲ. ಬಿಚ್ಚಿದ್ದು ಹೀಗೆ: ಇರುವ ಪಾದ್ರಿಗಳೆಲ್ಲ ಇದ್ದಂತೆಯೇ ಸಮಾನರು, ಮುಂದೆ ದೀಕ್ಷೆಯೆಲ್ಲ ಬಿಷಪ್ಪರಿಂದಲೇ, ಯಾವ ಸಭೆಗೂ ಅದರ ಮನಸ್ಸಾಕ್ಷಿಗೆ ಒಗ್ಗದ ಪಾದ್ರಿಯನ್ನು ಹೇರುವುದಿಲ್ಲ, 30 ವರ್ಷ ಕಳೆದ ಮೇಲೆ ಉಳಿದದ್ದನ್ನು ನೋಡೋಣ. ಆಂಧ್ರದ ನಂದ್ಯಾಲ ಭಾಗದ ಕೆಲವು ಆಂಗ್ಲಿಕನ್ ಸಭೆಗಳು ಆಗಲೂ ಒಪ್ಪದೆ ಹೊರಗುಳಿದವು.

ಮೂರನೆಯ ದಿನ, ಸೋಮವಾರ: ಕರಿಗಿರಿ

ವೆಲ್ಲೂರಿನಿಂದ ಕಾಟ್ಪಾಡಿ ಕಡೆಗೆ ಬೆಳಿಗ್ಗೆಯೇ ಹೊರಡಬೇಕು. ಕರಿಗಿರಿಯ ಶೀಫ್ಲಿನ್ ಸಂಸ್ಥೆ ಕುಷ್ಠರೋಗದ ಆಸ್ಪತ್ರೆ, 1955ರಲ್ಲಿ ತೆರೆದದ್ದು. ವೆಲ್ಲೂರಿನ ಕಾಲೇಜು, ಲಂಡನ್ನಿನ ಮಿಷನ್ ಟು ಲೆಪರ್ಸ್, ಅಮೆರಿಕನ್ ಲೆಪ್ರಸಿ ಮಿಷನ್ಸ್ ಮೂರೂ ಕೈಜೋಡಿಸಿದ್ದವು. ಕುಷ್ಠದಿಂದ ಮಡಚಿಹೋದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ನೇರ ಮಾಡುವ ಶಸ್ತ್ರಚಿಕಿತ್ಸೆಯನ್ನು 1948ರ ಹೊತ್ತಿಗೆ ವೆಲ್ಲೂರಿನಲ್ಲಿ ಶುರು ಮಾಡಿದ ಪಾಲ್ ಬ್ರ್ಯಾಂಡ್ ಅವರ ಹೆಸರು ಇಲ್ಲಿಗೂ ಅಂಟಿಕೊಂಡಿದೆ. ಬೆರಳು, ಪಾದ ಉದುರುವುದು ರೋಗಾಣು ತಿಂದು ಅಲ್ಲ, ಸ್ಪರ್ಶ ಸತ್ತ ಅಂಗಕ್ಕೆ ದಿನವೂ ಬೀಳುವ ಪೆಟ್ಟಿನಿಂದ ಎಂದು ತೋರಿಸಿಕೊಟ್ಟವರು ಅವರು. ಅದು ಗೊತ್ತಾದ ಮೇಲೆ ಆಪರೇಷನ್ ಕೋಣೆಯಷ್ಟೇ ಮಹತ್ವ ಚಪ್ಪಲಿ ಕೋಣೆಗೂ ಬಂತು.

ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಒಳಹಾಸು ಎಂ.ಸಿ.ಆರ್., ಅಂದರೆ ಮೈಕ್ರೊಸೆಲ್ಯುಲರ್ ರಬ್ಬರು, ಸುಮಾರು 10 ಮಿ.ಮೀ. ದಪ್ಪ, ಹೆಬ್ಬೆರಳಿನಲ್ಲಿ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಮೃದುತ್ವ 15 ಶೋರ್ (ರಬ್ಬರಿನ ಗಡಸು ಅಳೆಯುವ ಮಾನ) ಆಸುಪಾಸು. ಕೆಳಗೆ ಮುಳ್ಳು ತೂರದಂಥ ಗಟ್ಟಿ ರಬ್ಬರಿನ ಅಟ್ಟೆ. ಹಿಮ್ಮಡಿಗೆ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಸ್ಪರ್ಶವಿಲ್ಲದ ಪಾದದಿಂದ ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ. ಎರಡು ಬೆರಳ ಸಂದಿಯ ಉಂಗುಷ್ಟ ಬೇಡ, ಉಜ್ಜಿ ಹುಣ್ಣಾಗುತ್ತದೆ. ಅಂಟು ಮತ್ತು ಹೊಲಿಗೆ ಮಾತ್ರ, ಮೊಳೆ ಒಂದೂ ಕೂಡದು. ಎಲ್ಲ ಕೆಡುವುದು ಈ ಕೊನೆಯ ನಿಯಮದಲ್ಲೇ. ಗಡಿಯ ಕಡೆಯಿಂದ ಬಂದ ಮುದುಕರೊಬ್ಬರೊಡನೆ ಚಪ್ಪಲಿ ಕೋಣೆಯಲ್ಲಿ ನಡೆದ ಮಾತು ಇಷ್ಟು:

"ತಾತ, ಇದಕ್ಕೆ ಮೊಳೆ ಯಾರು ಹೊಡೆದದ್ದು?"

"ಪಟ್ಟಿ ಕಿತ್ತೋಯ್ತು ಸಾಮಿ. ಊರಾಗೆ ಚಪ್ಪಲಿ ಹೊಲಿಯೋನೇ ಎರಡು ಮೊಳೆ ಹಾಕ್ದ. ಗಟ್ಟಿ ಐತೆ."

ಗಟ್ಟಿಯೇನೋ ಇತ್ತು. ಮೊಳೆಯ ತುದಿ ಒಳಹಾಸಿನಿಂದ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು, ಪಾದದಲ್ಲಿ ಅದೇ ಜಾಗದಲ್ಲಿ ಹುಣ್ಣು. ತಾತನಿಗೆ ನೋವೇ ಇಲ್ಲ.

ಮನೆಯಲ್ಲಿ ಮಾಡಬೇಕಾದ್ದನ್ನು ಇಲ್ಲಿ ತೋರಿಸಿಕೊಡುತ್ತಾರೆ. ದಿನಕ್ಕೊಮ್ಮೆ ತಣ್ಣೀರಿನಲ್ಲಿ 20 ನಿಮಿಷ ಪಾದ ನೆನೆಸಬೇಕು. ಬಿಸಿನೀರು ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ದಡ್ಡುಗಟ್ಟಿದ ಚರ್ಮವನ್ನು ಒರಟು ಕಲ್ಲಿನಲ್ಲಿ ಮೆಲ್ಲಗೆ ಉಜ್ಜಬೇಕು. ಒರೆಸದೆ, ತೇವವಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಬೇಕು. ಆಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕು, ಇಲ್ಲವೇ ಮನೆಯವರಿಗೆ ತೋರಿಸಬೇಕು. ಆಸ್ಪತ್ರೆಯಲ್ಲಿ ಸ್ಪರ್ಶ ಅಳೆಯಲು ನೈಲಾನ್ ಎಳೆ ಬಳಸುತ್ತಾರೆ: ಅಂಗೈಗೆ 2 ಗ್ರಾಂ ಒತ್ತಡದ್ದು, ಅಂಗಾಲಿಗೆ 10 ಗ್ರಾಂನದು. ಎಳೆ ಬಾಗುವಷ್ಟು ಒತ್ತಿದರೂ ತಿಳಿಯದಿದ್ದರೆ ಆ ಜಾಗಕ್ಕೆ ಕಾವಲು ಬೇಕೆಂದೇ ಅರ್ಥ.

ರೋಗಕ್ಕೆ ಔಷಧ ಸರ್ಕಾರದ್ದೇ, ಉಚಿತ. ಬಹುಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1982ರ ಹೊತ್ತಿಗೆ. ರೋಗಾಣು ಕಡಿಮೆಯಿರುವ ಬಗೆಗೆ 6 ತಿಂಗಳು, ಹೆಚ್ಚಿರುವ ಬಗೆಗೆ 12 ತಿಂಗಳು. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ, ಕ್ಲೊಫಾಜಿಮಿನ್ ಚರ್ಮವನ್ನು ಕಪ್ಪಾಗಿಸುತ್ತದೆ. ಮೊದಲೇ ಹೇಳದಿದ್ದರೆ ಈ ಎರಡಕ್ಕೇ ಹೆದರಿ ಮಾತ್ರೆ ಬಿಡುವವರುಂಟು, ಅದರಲ್ಲೂ ಮದುವೆಗಿರುವ ಹುಡುಗಿಯರು. ಬಣ್ಣ ಔಷಧ ನಿಂತ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಚಿಕಿತ್ಸೆಯ ನಡುವೆಯೋ ಮುಗಿದ ಮೇಲೋ ನರ ನೋಯತೊಡಗಿದರೆ, ಕೈಕಾಲಿನ ಬಲ ಇದ್ದಕ್ಕಿದ್ದಂತೆ ತಗ್ಗಿದರೆ ಒಂದು ವಾರವೂ ಕಾಯಬಾರದು. ಆಗ ಸ್ಟೀರಾಯ್ಡ್ ಬೇಕಾಗುತ್ತದೆ, ತಡವಾದರೆ ಹೋದ ಬಲ ವಾಪಸ್ ಬರುವುದಿಲ್ಲ.

ನಾಲ್ಕನೆಯ ದಿನ, ಮಂಗಳವಾರ: ಚಿತ್ತೂರು, ಪಲಮನೇರು, ಪುಂಗನೂರು

ವೆಲ್ಲೂರಿನಿಂದ ಚಿತ್ತೂರು ಒಂದು ಗಂಟೆ. ಅಲ್ಲಿಂದ ಪಲಮನೇರಿಗೆ ಮೊಗಿಲಿ ಘಾಟಿ ಹತ್ತಬೇಕು. ಘಾಟಿ ಹತ್ತುತ್ತಿದ್ದಂತೆ ಸೆಕೆ ಇಳಿದು ಕೋಲಾರದ ಗಾಳಿಯಂಥದ್ದೇ ಗಾಳಿ ಬೀಸುತ್ತದೆ. ಅಮೆರಿಕದ ರಿಫಾರ್ಮ್ಡ್ ಚರ್ಚಿನ ಆರ್ಕಾಟ್ ಮಿಷನ್ 1853ರಿಂದ ಕೆಲಸ ಮಾಡಿದ ಸೀಮೆ ಇದು. ಇಲ್ಲಿನ ಹಳ್ಳಿಗಳ ಕ್ರೈಸ್ತರಲ್ಲಿ ಬಹುಪಾಲು ಮಾಲ, ಮಾದಿಗ ಸಮುದಾಯದವರು. ನೋಡುವುದಕ್ಕೆ ಕಟ್ಟಡ ಹೆಚ್ಚಿಲ್ಲ. ತಿಳಿಯುವುದಕ್ಕೆ ಒಂದು ಜಾತಿ ಪ್ರಮಾಣಪತ್ರ ಸಾಕು.

1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೆಯ ಪ್ಯಾರಾ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತಿಲ್ಲ. ಹೀಗಾಗಿ ಒಂದೇ ಕುಟುಂಬದ ಮೂರು ಕವಲು ಗಡಿಯ ಮೂರು ಕಡೆ ಇದ್ದರೆ ಮೂರು ಬಗೆಯ ಕಾಗದ. ಆಂಧ್ರದಲ್ಲಿ ದಲಿತ ಕ್ರೈಸ್ತರು ಬಿ.ಸಿ. (ಹಿಂದುಳಿದ ವರ್ಗ) 'ಸಿ' ಗುಂಪು, ಮೀಸಲು ಶೇ. 1. ತಮಿಳುನಾಡಿನಲ್ಲಿ ಹಿಂದುಳಿದ ವರ್ಗ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಮತಾಂತರವಾದ ಕ್ರೈಸ್ತರು ಪ್ರವರ್ಗ 1, ಉಳಿದ ಕ್ರೈಸ್ತರು 3 'ಬಿ'. ಪಲಮನೇರಿನಿಂದ ಮುಳಬಾಗಿಲಿಗೆ ಮದುವೆಯಾಗಿ ಹೋದವರು ಆಂಧ್ರದ ಪತ್ರ ಹಿಡಿದು ಕರ್ನಾಟಕದ ಮೀಸಲು ಕೇಳಿದರೆ ಸಿಗುವುದಿಲ್ಲ. ಕ್ರೈಸ್ತರಾದವರಿಗೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ತಪ್ಪುತ್ತದೆ. 2025ರಲ್ಲಿ ಆಂಧ್ರ ಹೈಕೋರ್ಟು ಪಾಸ್ಟರೊಬ್ಬರ ದೂರಿನಲ್ಲಿ ಹೀಗೆಯೇ ತೀರ್ಪಿತ್ತಿತು. ಅದಕ್ಕೆ ಹೆದರಿಯೇ ಅನೇಕರು ಭಾನುವಾರ ಚರ್ಚಿಗೆ ಹೋಗಿ, ದಾಖಲೆಯಲ್ಲಿ ಹಿಂದೂ ಎಂದು ಉಳಿಯುತ್ತಾರೆ. ಹಾಗಾಗಿ ಜನಗಣತಿಯ ಕ್ರೈಸ್ತರ ಅಂಕಿಯನ್ನು ಈ ಸೀಮೆಯಲ್ಲಿ ಹಾಗೆಯೇ ನಂಬುವಂತಿಲ್ಲ.

ಆಗಸ್ಟ್ 10ನ್ನು ಕಪ್ಪು ದಿನವಾಗಿ ಆಚರಿಸಲು ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನವೂ ಪ್ರೊಟೆಸ್ಟೆಂಟ್, ಆರ್ಥಡಾಕ್ಸ್ ಸಭೆಗಳ ಕೂಟವಾದ ನ್ಯಾಷನಲ್ ಕೌನ್ಸಿಲ್ ಆಫ್ ಚರ್ಚಸ್ ಕೂಡ ಒಟ್ಟಿಗೆ ಕರೆ ಕೊಡುತ್ತವೆ. ಪೀಠದಲ್ಲಿ ಕೂಡದವರು ಬೀದಿಯಲ್ಲಿ ಕೂಡುವ ದಿನ ಅದು. ಆಂಧ್ರ ಮತ್ತು ತಮಿಳುನಾಡು ವಿಧಾನಸಭೆಗಳು 2023ರಲ್ಲಿ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಸ್ಥಾನ ಕೇಳಿ ನಿರ್ಣಯ ಮಾಡಿದವು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನ್ಯಾ. ಕೆ. ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತ್ತು. ಆದರೆ ಈ ಬೇಡಿಕೆ ಇಡುವ ಸಭೆಗಳ ಒಳಗೂ ಜಾತಿ ಸತ್ತಿಲ್ಲ. ತಮಿಳುನಾಡಿನ ಕೆಲವೆಡೆ ಸಮಾಧಿಯ ಜಾಗವೇ ಬೇರೆ ಬೇರೆ. ಕ್ಯಾಥೊಲಿಕ್ ಬಿಷಪ್ಪರು 2016ರಲ್ಲಿ ದಲಿತ ಸಬಲೀಕರಣ ನೀತಿ ಹೊರಡಿಸಿ ತಮ್ಮೊಳಗಿನ ಅಸ್ಪೃಶ್ಯತೆಯನ್ನು ಒಪ್ಪಿಕೊಂಡರು. ದೆಹಲಿಗೆ ಕೊಡುವ ಮನವಿಗಿಂತ ಊರಿನ ಸಮಾಧಿಯ ಗೋಡೆ ಕೆಡವುವುದು ಕಷ್ಟ ಎಂಬುದು ಬಿಷಪ್ಪರಿಗೂ ಗೊತ್ತು.

ಪುಂಗನೂರಿನ ಮೇಲೆ ಸಂಜೆಗೆ ಮದನಪಲ್ಲಿ. ಟೊಮೇಟೊ ಕಾಲವಾದರೆ ಊರ ಹೊರಗೆ ಲಾರಿಗಳ ಸಾಲು. ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಐದನೆಯ ದಿನ, ಬುಧವಾರ: ಆರೋಗ್ಯವರಂ

ಮದನಪಲ್ಲಿಯ ಹೊರವಲಯದ ಆರೋಗ್ಯವರಂಗೆ ಆಟೊ ಸಿಗುತ್ತದೆ. ಇದರ ಮೂಲ ಹೆಸರು ಯೂನಿಯನ್ ಮಿಷನ್ ಕ್ಷಯ ಚಿಕಿತ್ಸಾಲಯ, ಹೆಸರೇ ಹೇಳುವಂತೆ ಮಿಷನ್ನುಗಳು ಕೂಡಿ ಕಟ್ಟಿದ್ದು. 1912ರಲ್ಲಿ ತಾತ್ಕಾಲಿಕವಾಗಿ ಶುರುವಾಗಿ 1915ರಲ್ಲಿ ಈ ಜಾಗಕ್ಕೆ ಬಂತು. ಆರ್ಕಾಟ್ ಮಿಷನ್ನಿನ ಡಾ. ಲೂಯಿಸಾ ಹಾರ್ಟ್ ಅವರ ಯೋಚನೆ. ಬಹುಕಾಲ ನಡೆಸಿದವರು ಡೆನ್ಮಾರ್ಕಿನ ಲುಥೆರನ್ ಮಿಷನ್ನಿನ ಡಾ. ಕ್ರಿಶ್ಚಿಯನ್ ಫ್ರಿಮೊಟ್ ಮೊಲರ್. ದಕ್ಷಿಣ ಭಾರತದ ಮಿಷನ್ನುಗಳು ಪಾಲು ಹಾಕಿ ನಡೆಸಿದ ಸಂಸ್ಥೆ. ಸಿ.ಎಸ್.ಐ. ಆಗುವುದಕ್ಕೆ ಮೂರು ದಶಕ ಮೊದಲು, ಕೃಷ್ಣಗಿರಿಯಲ್ಲಿ ಕಂಡ ಆ ಬೇಲಿಯನ್ನು ಕೆಮ್ಮುವವರು ಇಲ್ಲಿ ದಾಟಿಬಿಟ್ಟಿದ್ದರು.

ಈ ಜಾಗವನ್ನೇ ಆರಿಸಿದ್ದು ಸುಮಾರು 700 ಮೀಟರ್ ಎತ್ತರ, ಒಣ ಹವೆ, ಕಡಿಮೆ ಮಳೆಗಾಗಿ. ಔಷಧವೇ ಇಲ್ಲದ ಕಾಲದಲ್ಲಿ ಚಿಕಿತ್ಸೆಯೆಂದರೆ ಗಾಳಿ, ವಿಶ್ರಾಂತಿ, ಊಟ. ಹಳೆಯ ವಾರ್ಡುಗಳು ಅದಕ್ಕೇ ದೂರ ದೂರ, ಅಗಲ ಜಗಲಿಯವು. ಅದಕ್ಕೂ ಬಗ್ಗದಿದ್ದರೆ ಎದೆಗೂಡಿಗೆ ಸೂಜಿಯಿಂದ ಗಾಳಿ ತುಂಬಿ ಕೆಟ್ಟ ಶ್ವಾಸಕೋಶವನ್ನು ಕುಗ್ಗಿಸಿ ಮಲಗಿಸುತ್ತಿದ್ದರು, ಇಲ್ಲವೇ ಪಕ್ಕೆಲುಬು ತೆಗೆಯುತ್ತಿದ್ದರು. ಭಾರತದಲ್ಲಿ ಬಿ.ಸಿ.ಜಿ. ಲಸಿಕೆ ಮೊದಲು ಹಾಕಲಾರಂಭಿಸಿದ ಜಾಗಗಳಲ್ಲಿ ಮದನಪಲ್ಲಿ ಒಂದು, 1948ರಲ್ಲಿ.

ಇಂಥ ಸ್ಯಾನಟೋರಿಯಂಗಳ ಯುಗ ಮುಗಿಸಿದ್ದು ಮದ್ರಾಸಿನದೇ ಒಂದು ಅಧ್ಯಯನ. ಒಂದು ಗುಂಪಿನ ರೋಗಿಗಳಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದು ಗುಂಪಿಗೆ ಕಿಕ್ಕಿರಿದ ಸ್ವಂತ ಮನೆಯಲ್ಲಿ ಅವೇ ಮಾತ್ರೆ ಕೊಟ್ಟು ನೋಡಿದರು. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗುಣವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. ಗಾಳಿ, ಬೆಟ್ಟ, ಜಗಲಿಗಿಂತ ಮಾತ್ರೆಯೇ ಮುಖ್ಯ ಎಂದಾಯಿತು. ಯಾವುದಕ್ಕಾಗಿ ಇಷ್ಟು ಮಿಷನ್ನುಗಳು ಕೂಡಿದ್ದವೋ ಅದೇ ಬೇಡವಾದಾಗ ಏನು ಮಾಡಬೇಕು? ಆರೋಗ್ಯವರಂ ಸಾಮಾನ್ಯ ಆಸ್ಪತ್ರೆಯಾಯಿತು, ನರ್ಸಿಂಗ್ ತರಬೇತಿ ಕೊಟ್ಟಿತು, ಕ್ಷಯವನ್ನೂ ಬಿಡಲಿಲ್ಲ. ಹಾಗೆ ಬದಲಾಗಲು ಒಪ್ಪದೆ ಹಳೆಯ ಕೆಲಸಕ್ಕೇ ಜೋತುಬಿದ್ದ ಸಂಸ್ಥೆಗಳು ದೇಶದಲ್ಲಿ ಬೇಕಾದಷ್ಟು ಮುಚ್ಚಿವೆ.

ಈಗಿನ ಚಿಕಿತ್ಸೆ ಆರು ತಿಂಗಳದು: ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು, ಎಲ್ಲ ಒಂದೇ ಮಾತ್ರೆಯಲ್ಲಿ ಬೆರೆತು. ದಿನಕ್ಕೆ ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ: 35–49 ಕೆ.ಜಿ. ಇದ್ದರೆ 3, 50–64 ಇದ್ದರೆ 4. ಚಿಕಿತ್ಸೆಯ ನಡುವೆ ತೂಕ ಏರಿದರೆ ಮಾತ್ರೆಯ ಲೆಕ್ಕವನ್ನೂ ಮತ್ತೆ ನೋಡಿಸಬೇಕು. ಎರಡನೆಯ ತಿಂಗಳಿಗೆ ಕೆಮ್ಮು, ಜ್ವರ ಹೋಗಿ ಊಟ ಸೇರತೊಡಗುತ್ತದೆ, ಅಲ್ಲಿಗೇ ಹಲವರು ಮಾತ್ರೆ ಬಿಡುತ್ತಾರೆ. ಉಳಿದ ರೋಗಾಣು ಮದ್ದಿಗೆ ಬಗ್ಗದಂತಾಗುವುದು ಹೀಗೆ.

ಗಡಿಯವರಿಗೆ ಇನ್ನೊಂದು ತೊಡಕಿದೆ. ಮನೆ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರೋಗ ಪತ್ತೆಯಾದದ್ದು ಮದನಪಲ್ಲಿಯಲ್ಲಿ ಆದರೆ, ಹೆಸರು ಆಂಧ್ರದ ಪಟ್ಟಿಗೆ ಸೇರುತ್ತದೆ. ಎರಡನೆಯ ತಿಂಗಳ ಮಾತ್ರೆಗೆ ಬಸ್ ಖರ್ಚು ಮಾಡಿಕೊಂಡು ಬರಲಾಗದೆ ಚಿಕಿತ್ಸೆ ನಿಲ್ಲುತ್ತದೆ. ಪತ್ತೆಯಾದ ದಿನವೇ 'ನಿಕ್ಷಯ್' (ಕ್ಷಯರೋಗಿಗಳ ಸರ್ಕಾರಿ ದಾಖಲೆ) ಗುರುತಿನ ಸಂಖ್ಯೆ ಬರೆಸಿಕೊಳ್ಳಿ, ಊರಿಗೆ ವರ್ಗಾಯಿಸಿ ಎಂದು ಅಲ್ಲೇ ಕೇಳಿ. ಆ ಸಂಖ್ಯೆ ಎಲ್ಲ ರಾಜ್ಯಕ್ಕೂ ಒಂದೇ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಅದು ಬರುವುದೂ ಈ ಸಂಖ್ಯೆಗೆ ಜೋಡಿಸಿದ ಬ್ಯಾಂಕ್ ಖಾತೆಗೇ, ಹಾಗಾಗಿ ಪಾಸ್‌ಬುಕ್ಕಿನ ಜೆರಾಕ್ಸ್ ಜೊತೆಗಿರಲಿ. ರಾಯಲ್ಪಾಡಿನ ಮೇಲೆ ಬರುವ ಬಸ್ಸು ಶ್ರೀನಿವಾಸಪುರದಲ್ಲಿ ಇಳಿಸುತ್ತದೆ. ಮಾತ್ರೆಯ ಪಟ್ಟಿಯನ್ನು ಮನೆಗೆ ಒಯ್ಯುವ ಮೊದಲು ಅಲ್ಲಿನ ಸರ್ಕಾರಿ ಆಸ್ಪತ್ರೆಯ ಟಿ.ಬಿ. ವಿಭಾಗಕ್ಕೆ ತೋರಿಸಿ, ಮುಂದಿನ ತಿಂಗಳ ತಾರೀಖು ಬರೆಸಿಕೊಂಡು ಹೋಗುವುದು.